ಗಿರಣಿ ಗೋಡೆಯ ಕಾವಿ ಗೆರೆ

ಮಾಯವ್ವ, ಹಿಟ್ಟಿನ ಗಿರಣಿಯ ಗೋಡೆಯ ಮೇಲಿರುವ ಕೆಂಪು ಗೆರೆ ಸುಳ್ಳು. ಅದನ್ನು ಕೆಳಗಿಳಿಸಿದವಳು ನಾನು. ನದಿ ಬೆಳೆದಿಲ್ಲ, ಕೃಷ್ಣೆ ಮೊದಲಿಗಿಂತ ಎತ್ತರಕ್ಕೆ ಏರಿಲ್ಲ — ನನ್ನ ಗೆರೆಯನ್ನು ನಂಬಿ ನಿನ್ನ ಮನೆಯ ನೆಲ ತಗ್ಗಾಯಿತು, ಅಷ್ಟೇ.

ಇಂಥ ಮಾತು ಆಡಿದ ಮೇಲೆ ಜನ ಅಳುತ್ತಾರೆ. ನಾನು ಅಳುವುದಿಲ್ಲ. ಅತ್ತರೆ ನೀನೇ ಎದ್ದು ಬಂದು ನನ್ನ ಬೆನ್ನು ಸವರುತ್ತೀ, ಚಹಾ ಇಡುತ್ತೀ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ಓದು ಬಾರದು, ನಿನ್ನ ಮಗನಿಗೆ ಮರಾಠಿ ಬಿಟ್ಟರೆ ಬೇರೆ ಅಕ್ಷರ ತಿಳಿಯದು. ಬರೆದದ್ದನ್ನು ನಾನೇ ಬಂದು ಓದಿ ಹೇಳುತ್ತೇನೆ. ನಿನಗೊಬ್ಬಳಿಗೇ ಅಲ್ಲ, ಓಣಿಯವರನ್ನೆಲ್ಲ ಕೂರಿಸಿಕೊಂಡು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಒಮ್ಮೆ ಮೊದಲಿನಿಂದ ಹೇಳಬೇಕು.

ಕೃಷ್ಣೆಯ ಆ ಮಹಾಪೂರ ಇಳಿದ ಮೇಲೆ ನಾವೆಲ್ಲ ಸಾಂಗ್ಲಿವಾಡಿಗೆ ಮರಳಿದಾಗ ಓಣಿಯ ಮಣ್ಣಿನ ಗೋಡೆಗಳೆಲ್ಲ ಕರಗಿಹೋಗಿದ್ದವು. ನಿನ್ನದೂ ಇರಲಿಲ್ಲ, ನಮ್ಮದೂ ಇರಲಿಲ್ಲ. ನಿಂತಿದ್ದುದು ಗಿರಣಿಯ ಕಲ್ಲಿನ ಗೋಡೆಯೊಂದೇ. ನೀರು ಎಲ್ಲಿಯವರೆಗೆ ನಿಂತಿತ್ತೆಂದು ಅದರ ಮೇಲೆ ಕಲೆ ಕಾಣುತ್ತಿತ್ತು. ನಮ್ಮ ಅತ್ತೆ ಒಂದು ಡಬ್ಬಿಯಲ್ಲಿ ಕಾವಿ ಕಲೆಸಿ, ಬಟ್ಟೆ ಅದ್ದಿ, ಆ ಕಲೆಯ ಉದ್ದಕ್ಕೂ ಗೆರೆ ಎಳೆದರು. ನನ್ನ ಭುಜಕ್ಕೆ ಬರುತ್ತಿತ್ತು ಅದು. "ಇನ್ನ ಯಾರ ಮನಿ ಕಟ್ಟಲಿ, ಈ ಗೆರಿ ಮ್ಯಾಲ ಒಂದ ಗೇಣ ಏರಿಸಿ ನೆಲಾ ಹಾಕ್ರಿ" ಅಂದರು. ಅಂದಿನಿಂದ ಅದೇ ಕಾನೂನಾಯಿತು. ಇಂಜಿನಿಯರ್ ಬರೆದುಕೊಟ್ಟ ಎತ್ತರವನ್ನು ನಮ್ಮ ಓಣಿಯಲ್ಲಿ ಯಾರೂ ಕೇಳುವುದಿಲ್ಲ. ಗೌಂಡಿ ನೀರು ತುಂಬಿದ ಪ್ಲಾಸ್ಟಿಕ್ ನಳಿಗೆ ತರುತ್ತಾನೆ, ಒಂದು ತುದಿಯನ್ನು ಗಿರಣಿಯ ಗೆರೆಗೆ ಹಿಡಿಸುತ್ತಾನೆ, ಇನ್ನೊಂದನ್ನು ನಮ್ಮ ಜಾಗಕ್ಕೆ ಎಳೆದು ತರುತ್ತಾನೆ. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ, ಅಲ್ಲೊಂದು ಗುರುತು. ದೀಪಾವಳಿಗೆ ಗಿರಣಿಗೆ ಸುಣ್ಣ ಬಳಿದಾಗ ಮಾತ್ರ ಗೆರೆ ಮುಚ್ಚುತ್ತದೆ. ಅದನ್ನು ಮತ್ತೆ ಎಳೆಯುವುದು ನಮ್ಮ ಮನೆಯ ಹಿರಿಯ ಹೆಂಗಸಿನ ಕೆಲಸ.

ಆ ಕೈಯನ್ನು ಓಣಿ ನಂಬಿತ್ತು. ಒಂದು ದೀಪಾವಳಿಗೆ ಆ ಕೈ ನನ್ನದಾಯಿತು.

ಕೊರೊನಾ ಬಂದು ಹೋದ ಮೇಲೆ ನಾವು ಮನೆಗೆ ಕೈ ಹಾಕಿದೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಯಾರೋ, ಅವರು ಮುರುಮದ ಮಣ್ಣು ಸಿಗದ ವರ್ಷದಲ್ಲಿ ಮನೆ ಕಟ್ಟಿರಲಿಕ್ಕಿಲ್ಲ. ಸಿಮೆಂಟಿನ ರೇಟು ಬೆಳಿಗ್ಗೆ ಒಂದು, ಸಂಜೆ ಒಂದು. ಕಬ್ಬಿಣದ ಅಂಗಡಿಯವನು ಫೋನಿನಲ್ಲಿ ಒಂದು ದರ ಹೇಳಿ, ಹೋಗಿ ನಿಂತರೆ "ಅದು ನಿನ್ನೆಯ ಮಾತು ತಾಯಿ" ಅನ್ನುತ್ತಿದ್ದ. ಕುಪವಾಡ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಲು ಕೊಟ್ಟ ಕಿಟಕಿಗಳು, ನಮ್ಮವರು ಅದೇ ರಸ್ತೆಯ ಕಾರ್ಖಾನೆಯಲ್ಲಿ ದಿನವೂ ದುಡಿಯುತ್ತಿದ್ದರೂ, ಬರಲಿಲ್ಲ — ಕಬ್ಬಿಣದ ಪತ್ರೆ ಬಂದಿಲ್ಲವಂತೆ, ಪತ್ರೆ ಬಂದರೆ ಬೆಸುಗೆಯವನಿಲ್ಲವಂತೆ. ಇದೆಲ್ಲ ಹೇಗೋ ಸಹಿಸಿದೆ. ಆದರೆ ನೆಲ ಏರಿಸಲು ತುಂಬುವ ಮುರುಮವೇ ನಿಂತುಹೋಯಿತು. ಅದನ್ನು ಅಗೆಯುವ ಖಾಣಿ ಬಂದ್ ಆಗಿತ್ತು. ಎಲ್ಲಿಂದಲೋ ತರುತ್ತೇನೆಂದವನು ಕೇಳಿದ ದರಕ್ಕೆ ನೆಲ ತುಂಬಿದರೆ ಮೇಲೆ ಸ್ಲ್ಯಾಬ್ ಹಾಕುವ ಹಾಗಿರಲಿಲ್ಲ. ಗೋಡೆ ಕಟ್ಟಿ, ಮೇಲೆ ಆಕಾಶ ನೋಡುತ್ತ ಮಲಗಬೇಕಿತ್ತು.

ಮಿರಜದಲ್ಲಿ ಬಾಡಿಗೆಗೆ ಹಿಡಿದಿದ್ದ ಎರಡು ಖೋಲಿಯ ಮಾಲಕ ಮಗನ ಲಗ್ನವೆಂದು ಬಿಡಲು ಹೇಳಿದ್ದ. ಗೌಂಡಿ ಒಂದು ಬೆಳಿಗ್ಗೆ ಬಂದು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೇಳಿದ: "ವೈನಿ, ಮುರುಮ ಬರೂತನಕಾ ನಾ ಹಿಂಗ ಕುಂದರಾಕ ಆಗಂಗಿಲ್ರಿ. ಸಾಂಗ್ಲಿ ಕಡೆ ಇನ್ನೊಂದ ಕೆಲಸ ಹಿಡದೇನಿ. ಅಲ್ಲಿಗೆ ಹೋದ್ನೆಂದ್ರ ಮತ್ತ ಯಾವಾಗ ಬರತೀನೋ ದೇವರಿಗೇ ಗೊತ್ತ."

ನೆಲವನ್ನು ಸ್ವಲ್ಪ ತಗ್ಗಿಸೋಣ ಎಂದು ಅತ್ತೆಯ ಮುಂದೆ ಬಾಯಿ ಬಿಟ್ಟೆ. ಮೊಣಕಾಲು ನೋವಿಗೆ ಮಿರಜದ ದವಾಖಾನೆಗೆ ಓಡಾಡುತ್ತಿದ್ದವರು, ಮಂಚ ಬಿಟ್ಟು ಇಳಿಯಲಾಗದಿದ್ದವರು, ಎದ್ದು ಕೂತರು. "ಗೆರಿ ಕೆಳಗ ನೆಲಾ ಹಾಕಿದ್ರ ಆ ಮನ್ಯಾಗ ನಾ ಕಾಲ ಇಡಂಗಿಲ್ಲ, ಸುನಂದಾ. ಮನಿ ಕಟ್ಟಬ್ಯಾಡ್ರಿ ಬೇಕಾದ್ರ." ನಮ್ಮವರು ತಾಯಿಯ ಮಾತಿಗೆ ತಲೆಯಾಡಿಸಿ ಪಾಳಿಗೆ ಹೋದರು. ಸಂಬಂಧಿಕರು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಹಾಸಿಗೆ ದಿನಕ್ಕೊಂದು ಗೇಣು ಕುಗ್ಗುತ್ತಿದ್ದರೆ ಕಾಲನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ದೀಪಾವಳಿ ಬಂತು. ಅತ್ತೆ ನನ್ನ ಕೈಗೆ ಕಾವಿ ಕೊಟ್ಟು, ಹಳೆಯ ಗೆರೆಯ ಮೇಲೆಯೇ ಎಳೆದು ಬಾ ಎಂದು ಕಳಿಸಿದರು. ನಡು ಮಧ್ಯಾಹ್ನ. ಓಣಿಯವರೆಲ್ಲ ಕಬ್ಬಿನ ಹೊಲಕ್ಕೆ ಹೋಗಿದ್ದರು. ಬಳಿದ ಸುಣ್ಣ ಇನ್ನೂ ಹಸಿಯಿತ್ತು. ಹಸಿ ಸುಣ್ಣ ಬೆಳ್ಳಗಿರುವುದಿಲ್ಲವಲ್ಲ, ಅದರಡಿ ಹಳೆಯ ಗೆರೆ ಮಸುಕಾಗಿ ಕಾಣುತ್ತಿತ್ತು. ನಾನು ಡಬ್ಬಿಯಲ್ಲಿ ಉಳಿದಿದ್ದ ಸುಣ್ಣವನ್ನು ತೆಗೆದುಕೊಂಡು ಅದರ ಮೇಲೆ ಮತ್ತೊಂದು ಕೈ ಬಳಿದೆ. ಆಮೇಲೆ ಒಂದು ಮೊಳ ಕೆಳಗೆ ಬಟ್ಟೆ ಇಟ್ಟು ಎಳೆದೆ. ನೆಟ್ಟಗೆ ಬಂತು ಗೆರೆ.

ಗೌಂಡಿ ನಳಿಗೆ ಹಿಡಿದ. ಗುರುತು ಹಾಕಿದ. ಇದ್ದ ಮುರುಮವೇ ಸಾಕಾಯಿತು. ಸ್ಲ್ಯಾಬ್ ಬಿತ್ತು. ಅತ್ತೆ ಬಂದರು, ಜಿನನ ಫೋಟೋ ಇಟ್ಟು ಕೈ ಮುಗಿದರು, ನಾಲ್ಕು ತಿಂಗಳು ಆ ಮನೆಯಲ್ಲಿ ಉಂಡು, ಅಲ್ಲೇ ಕಣ್ಣು ಮುಚ್ಚಿದರು.

ಇಷ್ಟೇ ಆಗಿದ್ದರೆ ನಾನು ಈ ಪೆನ್ನು ಹಿಡಿಯುತ್ತಿರಲಿಲ್ಲ, ಮಾಯವ್ವ. ಇದನ್ನು ಓಣಿಯ ಮುಂದೆ ಎದೆಯುಬ್ಬಿಸಿ ಹೇಳುತ್ತೇನೆ. ನನ್ನ ಮನೆ, ನನ್ನ ನೆಲ, ನೀರು ಬಂದರೆ ನನ್ನ ಪಾತ್ರೆ ತೇಲುತ್ತವೆ. ಮುದುಕಿಗೆ ಸುಳ್ಳು ಹೇಳಿ ತಲೆಯ ಮೇಲೊಂದು ಸೂರು ಕೊಟ್ಟೆ. ಬೇರೆ ದಾರಿ ಇತ್ತು ಅನ್ನುವವರು ಆ ವರ್ಷ ಖಾಣಿಯ ಬಾಗಿಲಿಗೆ ಹೋಗಿ ನಿಂತು ನೋಡಬೇಕಿತ್ತು. ಆ ತಪ್ಪಿಗೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಇನ್ನೊಮ್ಮೆ ಆ ಮಧ್ಯಾಹ್ನ ಬಂದರೂ...

ಆದರೆ ಮರುವರ್ಷ ಬೇಸಿಗೆಯಲ್ಲಿ ನೀನು ಮನೆ ಕಟ್ಟಿದೆ.

ಕುರಿಗಳನ್ನೆಲ್ಲ ಮಾರಿ ಕಟ್ಟಿದೆ. ಹಿಂಡು ಹೋಗುವಾಗ ನೀನು ಬೀದಿಯ ತುದಿಯವರೆಗೆ ಹಿಂದೆಯೇ ನಡೆದು ಹೋದದ್ದನ್ನು ನಾನು ನನ್ನ ಹೊಸ ಕಟ್ಟೆಯ ಮೇಲೆ ಕೂತು ನೋಡಿದೆ. ಕಬ್ಬಿಣ ನನ್ನ ಕಾಲಕ್ಕಿಂತಲೂ ತುಟ್ಟಿಯಾಗಿತ್ತು ನಿನಗೆ. ಆದರೆ ಖಾಣಿ ತೆರೆದಿತ್ತು. ಮುರುಮದ ಲಾರಿಗಳು ಸಮಡೋಳಿ ರಸ್ತೆಯಲ್ಲಿ ಸಾಲಾಗಿ ಬರುತ್ತಿದ್ದವು. ನನಗೆ ಸಿಗದದ್ದು ನಿನಗೆ ಸಿಗುತ್ತಿತ್ತು. ಒಂದು ಮಾತು ಸಾಕಿತ್ತು.

ನೀನು ಕೇಳಿದೆ ಕೂಡ. ಗೌಂಡಿ ನಳಿಗೆ ಹಿಡಿದು ನಿಂತಿದ್ದ, ನೀನು ಗಿರಣಿಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಗೆರೆ ಎಲ್ಲಿಗೆ ಬರುತ್ತದೆಂದು ಕೈಯಿಂದ ಮುಟ್ಟಿ ನೋಡಿಕೊಂಡೆ. "ವೈನಿ, ಗೆರಿ ಇಷ್ಟ ತೆಳಗಿತ್ತೇನ್ರಿ? ನನಗ್ಯಾಕೋ ಮ್ಯಾಲಿದ್ದಂಗ ನೆನಪೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ನಿನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ: "ಯಾಕ ಮಾಯವ್ವ, ನಮ್ಮ ಅತ್ತಿ ಮ್ಯಾಲ ನಂಬಿಕಿ ಇಲ್ಲೇನ ನಿನಗ?"

ನೀನು ನಾಲಿಗೆ ಕಚ್ಚಿಕೊಂಡೆ. ಗಲ್ಲ ಗಲ್ಲ ಬಡಿದುಕೊಂಡೆ, ಸತ್ತವರ ಮಾತಿಗೆ ಎದುರಾಡಿದೆನೆಂದು. "ಹಂಗಲ್ರಿ ವೈನಿ, ತಪ್ಪಾತು" ಅಂದೆ. ನಾನು ಹಾಳಾದದ್ದು ಆ ಕ್ಷಣ, ಕಾವಿ ಹಿಡಿದ ಮಧ್ಯಾಹ್ನವಲ್ಲ. ಆಗ ನನ್ನ ಮೇಲೆ ಯಾವ ರೇಟೂ ಏರಿರಲಿಲ್ಲ, ಯಾವ ಲಾರಿಯೂ ತಡವಾಗಿರಲಿಲ್ಲ, ಯಾವ ಮಾಲಕನೂ ಖೋಲಿ ಬಿಡು ಅಂದಿರಲಿಲ್ಲ. ಸತ್ಯ ಹೇಳಿದರೆ ಸುನಂದಾ ಸುಳ್ಳುಗಾತಿ ಅನ್ನುತ್ತಾರೆ — ಅಷ್ಟೇ ಇದ್ದದ್ದು ನನ್ನ ಕಷ್ಟ. ಅದಕ್ಕೆ ನಿನ್ನ ಮನೆಯನ್ನು ತೆತ್ತೆ.

ಆ ಮಳೆಗಾಲ ನೀರು ಏರತೊಡಗಿದಾಗ ನಾನು ನಮ್ಮ ಸಾಮಾನನ್ನೆಲ್ಲ ಅಟ್ಟಕ್ಕೇರಿಸಿದೆ. ನಿನಗೂ ಬಂದು ಹೇಳಿದೆ, ಎತ್ತಿಡು ಎಂದು. ನೀನು ನಕ್ಕೆ. "ಗೆರಿ ಮ್ಯಾಲ ಅದೀವಲ್ರಿ, ಏನ ಆಗಂಗಿಲ್ಲ." ನಾನು ಬಾಗಿಲಲ್ಲಿ ನಿಂತಿದ್ದೆ. ಗೋಡೆಗೆ ಒರಗಿಸಿದ್ದ ಜೋಳದ ಚೀಲ ಕಾಣುತ್ತಿತ್ತು. ನೆಲದ ಮೇಲೆ ಒಟ್ಟಿದ್ದ ಕಂಬಳಿಗಳು ಕಾಣುತ್ತಿದ್ದವು — ಮಾರುವ ಮೊದಲು ಕುರಿಗಳ ಮೈಯಿಂದ ಕತ್ತರಿಸಿದ ಕೊನೆಯ ಉಣ್ಣೆಯವು, ನಿನ್ನ ಮಾವ ನೇಯ್ದವು. ಬಾಯಿ ತೆರೆದೆ. ಮತ್ತೆ ಎತ್ತಿಡು ಅಂತಲೇ ಅಂದೆ, ಯಾಕೆ ಎಂದು ಹೇಳಲಿಲ್ಲ. ಆಮೇಲೆ ನಾವಿಬ್ಬರೂ ಒಂದೇ ಟೆಂಪೋದಲ್ಲಿ ನೀರಿಳಿಯುವವರೆಗಿನ ಆಸರೆಗೆ ಮಿರಜದ ಶಾಲೆಗೆ ಹೋದೆವು. ಅಲ್ಲಿ ನೀನು ನನಗೆ ನಿನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟೆ, ನಾನು ತಿಂದೆ.

ಮರಳಿ ಬಂದಾಗ ಎರಡೂ ಮನೆಯಲ್ಲಿ ಕಣಕಾಲು ಮುಳುಗುವಷ್ಟು ಕೆಸರು ನೀರು. ನಿನ್ನ ಜೋಳ ಚೀಲದಲ್ಲೇ ಮೊಳೆತಿತ್ತು. ಕಂಬಳಿಗಳು ಕೊಳೆತು ನಾರುತ್ತಿದ್ದವು; ನೀನು ಅವನ್ನು ಒಂದೊಂದಾಗಿ ಹಿಂಡಿ ಬೇಲಿಯ ಮೇಲೆ ಹಾಕಿದೆ, ಆಮೇಲೆ ಒಂದೊಂದಾಗಿ ಎಸೆದೆ. ಓಣಿಯವರೆಲ್ಲ ಗಿರಣಿಯ ಮುಂದೆ ನಿಂತು ಹೌಹಾರಿದರು. ನೀರು ಗೆರೆ ದಾಟಿದೆ, ಮಹಾಪೂರಕ್ಕಿಂತ ದೊಡ್ಡ ಪೂರ ಇದು ಎಂದರು. ನಾನು ಗೋಡೆಗೆ ಒತ್ತಿ ನಿಂತು ಭುಜಕ್ಕೆ ಅಳೆದು ನೋಡಿದೆ. ಹೊಸ ಕಲೆ ನನ್ನ ಭುಜಕ್ಕಿಂತ ನಾಲ್ಕು ಬೆರಳು ಕೆಳಗೇ ಇತ್ತು. ಅತ್ತೆಯ ಗೆರೆಯ ಮೇಲೆ ಒಂದು ಗೇಣು ಏರಿಸಿ ಕಟ್ಟಿದ್ದರೆ ನಿನ್ನ ಹೊಸ್ತಿಲು ಸಹ ಒದ್ದೆಯಾಗುತ್ತಿರಲಿಲ್ಲ. ಇದು ಇಡೀ ಓಣಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಇಷ್ಟು ವರ್ಷವೂ ನನಗೊಬ್ಬಳಿಗೇ ಗೊತ್ತು.

ಅಂದಿನಿಂದ ನಿನಗೆ ನದಿಯ ಹೆದರಿಕೆ ಹತ್ತಿತು. ನಾಲ್ಕು ಹನಿ ಬಿದ್ದರೆ ಸೇತುವೆಗೆ ಹೋಗಿ ನೀರು ನೋಡಿ ಬರುತ್ತೀ. ನಿನ್ನೆ ಬಾವಿಯ ಹತ್ತಿರ ಸಿಕ್ಕಾಗ ಹೇಳಿದೆ: "ಮನಿ ಮಾರತೀವ್ರಿ ವೈನಿ. ಕುಪವಾಡದಾಗ ಮಗಾ ಒಂದ ಖೋಲಿ ನೋಡ್ಯಾನ. ಹೊಳಿ ವರ್ಷಾ ವರ್ಷಾ ಬೆಳ್ಯಾಕತ್ತೈತಿ, ನಾವ ಎಷ್ಟಂತ ಏರಸೂದ್ರಿ?" ಈ ವಾರ ಕೊಳ್ಳುವವನು ಬಯಾನಾದ ಮುಂಗಡ ಹಣ ಕೊಡಲು ಬರುತ್ತಾನಂತೆ. ಪೂರ ಬರುವ ಮನೆಯೆಂದು ಮಣ್ಣಿನ ಬೆಲೆಗೆ ಕೇಳಿದ್ದಾನಂತೆ. ಹಿಂಡನ್ನು ಕೊಟ್ಟು ಕಟ್ಟಿದ ಮನೆಯನ್ನು ನೀನು ನನ್ನ ಸುಳ್ಳಿಗೆ ಹೆದರಿ ಬಿಟ್ಟುಹೋಗುತ್ತಿದ್ದೀ.

ಮಳೆಯನ್ನು ಬೈದೆವು, ಅಣೆಕಟ್ಟಿನವರನ್ನು ಬೈದೆವು, ನೀರು ಬಿಟ್ಟವರನ್ನು ಬೈದೆವು. ನಿನ್ನ ಜೊತೆ ಸೇರಿ ನಾನೂ ಬೈದೆ, ನಿನಗಿಂತ ಜೋರಾಗಿ.

ಈಗ ಕೇಳು. ನಿನ್ನ ಗೋಡೆ ಗಟ್ಟಿ ಇದೆ. ಒಳಗೆ ಒಂದು ಮೊಳ ಮುರುಮ ತುಂಬಿ ನೆಲ ಏರಿಸಿದರೆ, ಬಾಗಿಲ ಚೌಕಟ್ಟು ಎತ್ತಿ ಕೂರಿಸಿದರೆ ಸಾಕು. ಸೂರು ಸ್ವಲ್ಪ ತಲೆಯ ಹತ್ತಿರ ಬರುತ್ತದೆ. ಗೌಂಡಿಗೆ ಹೇಳಿ ಆಗಿದೆ, ಖಾಣಿಗೂ ಹೋಗಿ ಬಂದೆ. ರೇಟು ಮತ್ತೆ ಏರಿದೆ, ಲಾರಿ ಮತ್ತೆ ತಡವೆಂದರು. ನಾನು ಅಲ್ಲೇ ಕೂರುತ್ತೇನೆ, ತುಂಬಿಸಿಕೊಂಡೇ ಬರುತ್ತೇನೆ. ಮೊದಲ ಲಾರಿ ನಿನ್ನ ಬಾಗಿಲಿಗೆ ಬರುತ್ತದೆ. ನನ್ನ ಮನೆಯ ಸರದಿ ಬರದಿದ್ದರೂ ಚಿಂತೆಯಿಲ್ಲ. ಇದು ನನ್ನ ಪುಣ್ಯವಲ್ಲ, ನೀನು ಬೇಡ ಅಂದರೂ ನಿಲ್ಲುವುದಿಲ್ಲ. ಸಮಡೋಳಿಯ ನನ್ನ ತವರಿನವರು ನಗಲಿ, ನಮ್ಮವರು ಮಾತು ಬಿಡಲಿ, ಓಣಿ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯದಿರಲಿ. ಎಲ್ಲ ಲೆಕ್ಕ ಹಾಕಿಯೇ ಬರುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಿದರೆ ನಾನು ಹಗುರಾಗುತ್ತೇನೆ, ನೀನು ಕುಪವಾಡದ ಖೋಲಿಯಲ್ಲಿ ಇರುತ್ತೀ. ಅದು ನನಗೆ ಬೇಡ. ಮನೆ ಮಾರಬೇಡ, ಮಾಯವ್ವ. ದಿನಾ ಬೆಳಿಗ್ಗೆ ಬಾಗಿಲು ತೆರೆದು ನನ್ನನ್ನು ಬೈ, ಬೇಕಾದರೆ ಸಾಯುವವರೆಗೆ ಬೈ — ಆದರೆ ನನ್ನ ಪಕ್ಕದ ಮನೆಯಲ್ಲೇ ಇದ್ದು ಬೈ.