ಕೊಂಬಣ್ಣನಿಗೆ ಬಾಗಿಲು ಮಾಡಿದವರು

ಕಿಟಕಿಯ ಗಾಜು ಇನ್ನೂ ಬೂದುಬಣ್ಣದಲ್ಲಿದೆ. ನಾಟಕಶಾಲೆಯ ಹಿಂಬದಿಯ ಮರಗೆಲಸದ ಕೋಣೆಯಲ್ಲಿ ಗೋಡೆಯೇ ಇಲ್ಲದ ಒಂದು ಬಾಗಿಲು ನಿಂತಿದೆ. ಎಂಬತ್ತರ ಹತ್ತಿರದ ಬಡಗಿಯೊಬ್ಬರು ತಲೆಯ ಮೇಲೆ ಬಕೆಟ್ ಬೋರಲು ಹಾಕಿಕೊಂಡು, ಪದ್ಯ ಎತ್ತುವ ಮುಂಚೆ ಉಸಿರು ಹಿಡಿಯುವವರ ಹಾಗೆ ಒಂದು ಗಳಿಗೆ ನಿಂತು, ಹೊಸಿಲು ದಾಟುತ್ತಾರೆ. ಬಕೆಟ್ ಎಲ್ಲೂ ತಾಗುವುದಿಲ್ಲ.

"ನೋಡ್ದೋರು ಮುದುಕನಿಗೆ ಅರಳುಮರಳು ಅಂತಾರೆ. ಅನ್ಲಿ. ಬಕೆಟ್ ಪಾಸಾಗದೆ ಯಾವ ಬಾಗ್ಲೂ ಈ ಕೋಣೆ ಬಿಟ್ಟು ಹೋಗಲ್ಲ."

ಈ ಅಭ್ಯಾಸದ ಬೇರು ಇರುವುದು ಟೀವಿ ಕಪ್ಪು-ಬಿಳುಪಾಗಿದ್ದ ಕಾಲದ ವಿಜ್ಞಾನ ಧಾರಾವಾಹಿಯೊಂದರಲ್ಲಿ. ಆಗ ಇವರು ಸ್ಟುಡಿಯೋಗೆ ಹೊಸಬರು. ಒಂದು ಕಂತಿನಲ್ಲಿ ಬೇರೆ ಗ್ರಹದ ಕೊಂಬಿನ ಜೀವಿ ಆಕಾಶನೌಕೆಯೊಳಗೆ ಬಂದು, ತನ್ನ ಗ್ರಹ ಸುಟ್ಟುಹೋದ ಕಥೆ ಹೇಳಬೇಕು. ಕೆಲಸಗಾರರು ಅದಕ್ಕೆ ಇಟ್ಟ ಹೆಸರು ಕೊಂಬಣ್ಣ.

ಕಥೆ ಚಿನ್ನದಂಥದ್ದು. ತೊಡಕೆಲ್ಲ ತಯಾರಿಯಲ್ಲಿ. ಸ್ಟುಡಿಯೋ ಅಂಗೈಯಗಲ. ನೌಕೆ ತೆಳು ಪ್ಲೈವುಡ್ಡಿನದು, ಬಣ್ಣ ಇನ್ನೂ ಹಸಿ. ದೀಪಗಳ ಕಾವಿಗೆ ಕೊಂಬಣ್ಣನ ಮುಖದ ಅಂಟು ಕರಗುತ್ತಿತ್ತು. ಟೇಪು ಕತ್ತರಿಸಿ ಜೋಡಿಸುವ ಅನುಕೂಲವಿಲ್ಲ. ಶುರುವಾದರೆ ಮುಗಿಯುವವರೆಗೆ ಒಂದೇ ಓಟ. ಬಾಗಿಲು ತಯಾರಾಗಿದ್ದು ಒಂದು ಕೋಣೆಯಲ್ಲಿ, ವೇಷ ಇನ್ನೊಂದರಲ್ಲಿ. ಚಿತ್ರೀಕರಣದ ಬೆಳಿಗ್ಗೆ ನಿರ್ದೇಶಕರ ಕಣ್ಣಿಗೆ ಕೊಂಬಣ್ಣ ತೀರಾ ಸಾಧುವಾಗಿ ಕಂಡ. ಕೊಂಬು ಎತ್ತರಿಸಲು ಹೇಳಿದರು. ವೇಷದ ಕೋಣೆ ಎತ್ತರಿಸಿತು. ಬಾಗಿಲಿನ ಕೋಣೆಗೆ ತಿಳಿಸಲು ಯಾರಿಗೂ ನೆನಪಾಗಲಿಲ್ಲ.

ಕ್ಯಾಮೆರಾ ಓಡುತ್ತಿರುವಾಗಲೇ ಕೊಂಬು ಚೌಕಟ್ಟಿಗೆ ಬಡಿದು ನೌಕೆಗೆ ನೌಕೆಯೇ ಅಲ್ಲಾಡಿತು. ಬೀಳದಂತೆ ಬಡಗಿ ಹಿಂದಿನಿಂದ ಕೈಚಾಚಿ ಚೌಕಟ್ಟು ಹಿಡಿದರು. "ನಾನೂ ಟೀವಿಲಿ ಬಂದಿದೀನಿ, ಕೈ ಮಾತ್ರ. ಆಕಾಶದಲ್ಲಿ ತೇಲ್ತಿರೋ ಕೈ!"

ವೇಷದೊಳಗಿದ್ದ ನಟ ಬೇರೆ ದಾರಿ ಕಾಣದೆ ಮೆಲ್ಲಗೆ ತಲೆ ತಗ್ಗಿಸಿ ಒಳಗೆ ಬಂದರು. ಜಾರುವ ಗಲ್ಲವನ್ನು ಹಿಡಿದುಕೊಂಡೇ ಮಾತನ್ನೂ ಹೇಳಿದರು. ಕಂತು ಪ್ರಸಾರವಾದ ಮರುದಿನ ಊರೆಲ್ಲ ನಗು. ಬಡಗಿಯ ನೋವು ಆ ನಗುವಿನದಲ್ಲ. "ಸುಟ್ಟ ಗ್ರಹದ ಮಾತನ್ನ ಎಷ್ಟ್ ಚೆನ್ನಾಗಿ ಹೇಳಿದ್ರು ಗೊತ್ತಾ? ಅದನ್ನ ಕೇಳ್ದೋನು ಗೋಡೆ ಹಿಂದಿದ್ದ ನಾನೊಬ್ನೇ."

ಅಂದು ಕೊಂಬು ಎತ್ತರಿಸಿದ ವೇಷಗಾರ್ತಿಯೇ ಇವರ ಮಡದಿ. ಯಾರ ತಪ್ಪೆಂದು ಜಗಳ ಶುರುವಾಗಿ, ಜಗಳ ಮುಗಿಯದೆ ಮದುವೆಯಾಯಿತು. ಈಗಲೂ ಪಕ್ಕದ ಮೇಜಿನಲ್ಲಿ ಹೊಸ ಕೊಂಬಿಗೆ ಬಟ್ಟೆ ಸುತ್ತುತ್ತಾ, "ನಿಮ್ಮ ಬಾಗ್ಲೇ ಗಿಡ್ಡ," ಎನ್ನುತ್ತಾರೆ.

"ನಿನ್ನ ಕೊಂಬೇ ಉದ್ದ. ಇನ್ನೂ ಇಳ್ದಿಲ್ಲ ನೋಡು."

ಹೊಸ ಕೊಂಬು ಏಕೆಂದರೆ, ಅದೇ ಕಥೆ ಈ ಭಾನುವಾರ ರಂಗದ ಮೇಲೆ ಬರುತ್ತಿದೆ. ಬಾಗಿಲು ಮತ್ತೆ ಇವರದೇ. ಆದರೆ ನಾಟಕದ ನಿರ್ದೇಶಕಿ ಬೇಕೆಂದೇ ಗಿಡ್ಡ ಬಾಗಿಲು ಕೇಳಿದ್ದಾರೆ. "ಚಿಕ್ಕೋಳಿದ್ದಾಗ ಟೀವಿಲಿ ಕೊಂಬಣ್ಣ ತಲೆ ಬಗ್ಸಿದ್ದನ್ನ ನೋಡಿ ನಾನು ನಗ್ಲಿಲ್ಲ ಮಾವ. ಪಾಪ, ಒಳಗೆ ಬರ್ಲಾ ಅಂತ ಕೇಳ್ತಿದೆ ಅನ್ಕೊಂಡೆ. ಅದು ತಲೆ ಬಗ್ಗಿಸ್ಲೇಬೇಕು," ಎಂದಿದ್ದರಂತೆ. ತಮ್ಮ ಅವಮಾನವನ್ನು ಯಾರೋ ಇಷ್ಟು ಕಾಲ ಎದೆಯಲ್ಲಿಟ್ಟು ಸಾಕಿದ್ದಾರೆಂದು ಕೇಳಿ ಬಡಗಿಗೆ ಗರಗಸ ಹಿಡಿಯಲು ಕೈ ಬರಲಿಲ್ಲ. ಕೊನೆಗೆ ಹಿಡಿದಾಗ, ಬಾಗಿಲನ್ನು ಎತ್ತರಕ್ಕೇ ಮಾಡಿದರು.

"ಬೈಸ್ಕೊಳ್ಳಿ ಈಗ," ಎಂದು ಮಡದಿ ಹೇಳುವಷ್ಟರಲ್ಲಿ ನಿರ್ದೇಶಕಿಯೇ ಒಳಗೆ ಬರುತ್ತಾರೆ. ಬಾಗಿಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾರೆ.

"ಮಾವ, ನಾನು ಗಿಡ್ಡ ಕೇಳಿದ್ನಲ್ಲಾ?"

"ಗಿಡ್ಡ ಆದ್ರೆ ತಲೆ ತಾಗುತ್ತೆ ಅಂತ ಬಗ್ತಾನೆ ತಾಯಿ, ಜನ ಮತ್ತೆ ನಗ್ತಾರೆ. ಇಷ್ಟೆತ್ತರ ಇದ್ರೂ ಬಗ್ಗಿದ ಅನ್ನಿ, ಆಗ ಎಲ್ರೂ ಸುಮ್ನಾಗ್ತಾರೆ. ಮುಂದಿನ ಮಾತು ಕೇಳಿಸ್ಕೋತಾರೆ."

ನಿರ್ದೇಶಕಿ ಮೇಜಿನ ಮೇಲಿನ ಕೊಂಬನ್ನೆತ್ತಿ ತಲೆಗಿಟ್ಟುಕೊಂಡು ಬಾಗಿಲಿನ ಆಚೆ ಹೋಗಿ ನಿಲ್ಲುತ್ತಾರೆ. ಮೇಲೆ ಬೇಕಾದಷ್ಟು ಜಾಗವಿದೆ. ಅವರು ನಿಧಾನಕ್ಕೆ ತಲೆ ತಗ್ಗಿಸಿ ಒಳಗೆ ಬರುತ್ತಾರೆ. ಕೋಣೆಯಲ್ಲಿ ಯಾರೂ ನಗುವುದಿಲ್ಲ.

ಬಡಗಿಯ ಬಲಗೈ ತನಗರಿವಿಲ್ಲದೆ ಚಾಚಿ ಚೌಕಟ್ಟನ್ನು ಹಿಡಿದುಕೊಂಡಿದೆ. ಚೌಕಟ್ಟು ಮಿಸುಕಿಲ್ಲ.

"ಕೈ ತೆಗೀರಿ," ಎನ್ನುತ್ತಾರೆ ಮಡದಿ ಮೆಲ್ಲಗೆ. "ಕಾಣ್ಸುತ್ತೆ."