ಖಾಲಿ ಕರಡಿಗೆ

ಕಳೆದ ಸೋಮವಾರ ನನ್ನ ಅಣ್ಣ ಲಿಂಗ ಮುಟ್ಟಿ ಸುಳ್ಳು ಹೇಳಿದ.

ನಮ್ಮ ಹಳಿಯಾಳದ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಎಂಥ ಜಗಳದಲ್ಲೂ ‘ಲಿಂಗ ಮುಟ್ಟಿ ಸುಳ್ಳ ಹೇಳಾಂವ’ ಅಂದವರು ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. (ಹಾಲಿನ ಶಿವಪ್ಪ ನೀರು ಬೆರೆಸಿಲ್ಲವೆಂದು ದಿನಾ ಮುಟ್ಟುತ್ತಾನೆ. ಅವನ ಮಾತು ಬಿಡಿ.)

ಅಣ್ಣ ಬಸಪ್ಪ ದಾಂಡೇಲಿಯ ಕಟ್ಟಿಗೆ ಡಿಪೋ ಒಂದರಲ್ಲಿ ಮೇಸ್ತ್ರಿ. ಲಾರಿ ಹಿಂದಕ್ಕೆ ಬರುವಾಗ ಕೈ ಮಾಡಿ ದಾರಿ ತೋರಿಸುವುದು ಅವನ ಕೆಲಸ. ಆ ಸೋಮವಾರಕ್ಕೆ ಕೆಲವು ದಿನ ಮೊದಲು, ಹಿಂದೆ ತಿರುಗಿ ನೋಡದೆಯೇ ‘ಬಾ’ ಎಂದು ಕೈ ಮಾಡಿದ. ಡ್ರೈವರ್ ರಾಜೇಸಾಬ ಬಂದ. ಲಾರಿಗೂ ತೊಲೆಗಳಿಗೂ ನಡುವೆ ಸಿಕ್ಕು ಹಮಾಲ ಫಕೀರಪ್ಪ ಸತ್ತ.

ಮೂವರೂ ನಮ್ಮೂರವರೇ. ಪೊಲೀಸರು ಅಪಘಾತವೆಂದು ಬರೆದುಕೊಂಡು ಹೋದರು. ಆದರೆ ತಪ್ಪು ಯಾರದು? ಹಿರಿಯರು ಕೂತರು. ತಾನು ‘ನಿಲ್ಲು’ ಎಂದೇ ಕೈ ಮಾಡಿದ್ದೆ ಅಂದ ಅಣ್ಣ. ರಾಜೇಸಾಬ ಬೇರೆ ಸಾಕ್ಷಿ ಕೇಳಲಿಲ್ಲ.

“ಬಸಣ್ಣ ಲಿಂಗ ಮುಟ್ಟಿ ಹೇಳ್ಲಿ, ಸಾಕ್ರಿ. ನಾ ಒಪ್ಕೋತೇನಿ.”

ಅಣ್ಣ ಕೊರಳಲ್ಲಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆ ಹಿಡಿದು ಹೇಳಿದ. ಸದ್ಯ, ಅಣ್ಣನ ತಪ್ಪಲ್ಲವಲ್ಲ ಎಂದು, ನಿಜ ಇನ್ನೂ ಗೊತ್ತಿರದ ನನಗೆ ಉಸಿರು ಬಂತು.

ಮನೆಗೆ ಬಂದು ನೋಡಿದರೆ, ದೇವರ ಜಗಲಿಯ ಮೇಲೆ ಹೂವಿನಡಿ ಅವನ ಲಿಂಗ! ಮೈಮೇಲಿನ ಲಿಂಗ ತೆಗೆದಿಡುವುದುಂಟೇ? ಕೇಳಿದೆ. ಅತ್ತ. ಎಲ್ಲ ಒಪ್ಪಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಅಂದ: “ನಾ ಎಲ್ಲಿ ಲಿಂಗ ಮುಟ್ಟೇನೋ? ಬರೇ ಕರಡಿಗಿ ಮುಟ್ಟೇನಿ.”

ದೇವರ ಮುಂದೆ ಎಂಥ ವಕೀಲಿಕೆ! ಒಳಗಿದ್ದ ಅವ್ವನಿಗೆ ಎಲ್ಲ ಕೇಳಿಸಿತ್ತು. ಅಂದಿನಿಂದ ಅವಳು ಅಣ್ಣನನ್ನು ಊಟಕ್ಕೆ ಕರೆಯುವುದಿಲ್ಲ. ತಾಟು ಇಟ್ಟು ಹೋಗುತ್ತಾಳೆ.

ಮೊನ್ನೆ ರಾಜೇಸಾಬ ಸಂತೆಯಲ್ಲಿ ಸಿಕ್ಕ. ಲಾರಿ ಓಡಿಸುವುದನ್ನೇ ಬಿಟ್ಟಿದ್ದಾನೆ. ಫಕೀರಪ್ಪನ ಮನೆ ಮುಂದೆ ಹಾಯಲಾರದೆ ಸುತ್ತು ಹಾಕಿ ಓಡಾಡುತ್ತಾನಂತೆ.

“ನಿಮ್ಮ ಅಣ್ಣಾರು ಸುಳ್ಳ ಹೇಳಾವರಲ್ರಿ, ಮಾಸ್ತರ. ನನ್ನ ಕಣ್ಣ ತಪ್ಪಿರಬೇಕು. ಫಕೀರಪ್ಪನ್ನ ನಾನ ಕೊಂದೇನಿ.”

ಅಣ್ಣನ ಕೆಲಸ, ಅವನ ಮೂರು ಮಕ್ಕಳು ಕಣ್ಣ ಮುಂದೆ ಬಂದರು. ಅಣ್ಣನದಾದರೂ ಖಾಲಿ ಕರಡಿಗೆ. ನನ್ನ ಕೊರಳಲ್ಲಿ ಲಿಂಗವಿತ್ತು, ನಾನು ಸುಮ್ಮನೆ ನಿಂತಿದ್ದೆ. ನಾಚಿಕೆಯಾಗುತ್ತದೆ, ಏನು ಮಾಡಲಿ?

ಬಾಯಿ ಬಿಡಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ರಾಜೇಸಾಬನಿಗೆ ಓದು ಬಾರದು.

ನಿಮ್ಮಲ್ಲಿ ಯಾರಾದರೂ ಅವನಿಗೆ ಇದನ್ನು ಓದಿ ಹೇಳುತ್ತೀರಾ?