ಸ್ಟೀರಿಂಗ್ ಈಗ ಶೈಲಾ ಕೈಯಲ್ಲಿ

ಸ್ಪೇನಿನ ಮೆಡಿಟರೇನಿಯನ್ ಕರಾವಳಿಯಲ್ಲಿ ಮೋಟರ್‌ಹೋಮ್ ಓಡಿಸುವುದು ಬಸವರಾಜ ಅಲ್ಲ, ಅವರ ಹೆಂಡತಿ ಶೈಲಾ. ಸ್ನೇಹಿತರೇ, ಈ ಸುದ್ದಿಯನ್ನು ಇಂದು ಸಂಜೆ ಲಿಫ್ಟಿನಲ್ಲಿ ನನಗೆ ತಿಳಿಸಿದವಳು ಅವರ ಮಗಳು: "ಅಂಕಲ್, ಡ್ಯಾಡ್ ಕಾಂಟ್ ಡ್ರೈವ್ ಇಟ್!"

ದುಬೈಯಿಂದ ಒಂದೂವರೆ ಗಂಟೆ ದಾರಿಯ ಈ ಊರಿನ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಕಟ್ಟಡದಲ್ಲಿ ಬಸವರಾಜರ ಈ ಪ್ರವಾಸದ ವಿಷಯ ಗೊತ್ತಿಲ್ಲದವರಿಲ್ಲ. ಸಮುದ್ರದ ಪಕ್ಕದಲ್ಲೇ ಗಾಡಿ ಓಡಿಸಬೇಕು, ಕ್ಯಾಂಪ್‌ಸೈಟಿನಲ್ಲಿ ನಿಲ್ಲಿಸಿ ಅದರಲ್ಲೇ ಮಲಗಬೇಕು ಎಂಬುದು ಅವರ ಬಹಳ ದಿನಗಳ ಆಸೆ. ಆದರೆ ಬಾಡಿಗೆಗೆ ಸಿಕ್ಕಿರುವುದು ಗೇರ್ ಗಾಡಿ. ಬಸವರಾಜರ ಲೈಸೆನ್ಸ್ ಆಟೋಮ್ಯಾಟಿಕ್ ಗಾಡಿಗೆ ಮಾತ್ರ. ಶೈಲಾ ಇಲ್ಲಿಗೆ ಬಂದಾಗ ಹಟ ಹಿಡಿದು ಗೇರ್ ಗಾಡಿಯಲ್ಲೇ ಪರೀಕ್ಷೆ ಕೊಟ್ಟು ಪಾಸಾಗಿದ್ದರು.

ನಾನು ಅವರ ಮನೆಗೆ ಹೋದಾಗ ಬಸವರಾಜ ಸೋಫಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಖಲಾಸ್, ಕ್ಯಾನ್ಸಲ್ ಮಾಡು. ನಾ ಏನು ಅಲ್ಲಿ ಲಗೇಜ್ ಹಂಗ ಕೂಡ್ಲೇನು?"

ಶೈಲಾ ಚಹಾ ತಂದಿಟ್ಟು ಹೇಳಿದರು: "ದಿನಾ ಬೆಳಗಾದ್ರ ದುಬೈಗೆ ಗಾಡಿ ಹೊಡದು ಹೊಡದು, ರಸ್ತಾ ಬಿಟ್ಟು ಬ್ಯಾರೆ ಏನೂ ನೋಡಿಲ್ಲ ನೀವು. ಒಮ್ಮೆರ ಬಾಜೂಕ ಕುಂತು ಸಮುದ್ರ ನೋಡ್ರಿ."

ಬಸವರಾಜ ಚಹಾ ಕುಡಿದು ಮುಗಿಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ರಿವರ್ಸ್ ಬರ್ತದೇನು ನಿನಗ?"

ಶನಿವಾರ ಬೆಳಿಗ್ಗೆ ಊರಾಚೆಯ ಬನಿಯಾಸ್‌ನಲ್ಲಿ, ಶೈಲಾ ಅವರ ಅಣ್ಣನ ಗೇರ್ ಪಿಕಪ್‌ನಲ್ಲಿ ಅಭ್ಯಾಸ. ಪಕ್ಕದ ಸೀಟಿನಲ್ಲಿ ಬಸವರಾಜ ಇರುತ್ತಾರೆ, ಮಾತಾಡಬಾರದು ಎಂಬ ಷರತ್ತಿನ ಮೇಲೆ.